ರೈನ್ ದಂಡೆಯಲ್ಲಿ ಅಮೆರಿಕದ ಗಡಿಯಾರ ತಯಾರಕ

ಸ್ವಿಟ್ಜರ್ಲೆಂಡಿನ ಹೆಸರಾಂತ ಕೈಗಡಿಯಾರ ಕಂಪನಿಗಳಲ್ಲಿ ಒಂದಾದ ಐಡಬ್ಲ್ಯುಸಿ, ಅಂದರೆ ಇಂಟರ್‌ನ್ಯಾಷನಲ್ ವಾಚ್ ಕಂಪನಿಯನ್ನು 1868ರಲ್ಲಿ ಕಟ್ಟಿದವನು ಸ್ವಿಸ್ ಪ್ರಜೆಯಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ 1841ರಲ್ಲಿ ಹುಟ್ಟಿ, ಬಾಸ್ಟನ್ನಿನ ಇ. ಹೋವರ್ಡ್ ಕಂಪನಿಯಲ್ಲಿ ಪಳಗಿದ ಫ್ಲಾರೆಂಟೈನ್ ಅರಿಯೊಸ್ಟೊ ಜೋನ್ಸ್ ಎಂಬ ಗಡಿಯಾರ ತಯಾರಕ ಅದರ ಸ್ಥಾಪಕ. ಆತ ಕಂಪನಿಯನ್ನು ಎಂಟು ವರ್ಷಕ್ಕಿಂತ ಹೆಚ್ಚು ಉಳಿಸಿಕೊಳ್ಳಲಾಗಲಿಲ್ಲ ಎಂಬುದಷ್ಟನ್ನೇ ನೋಡಿ ಸೋತ ಉದ್ಯಮಿಯೆಂದು ಬದಿಗೆ ಸರಿಸುವುದು ಅನ್ಯಾಯ.

ಆ ಕಾಲದ ಸ್ವಿಸ್ ಗಡಿಯಾರ ಬಹುಮಟ್ಟಿಗೆ ಮನೆಗೆಲಸದ ಫಲ. ಜೂರಾ ಬೆಟ್ಟಗಳ ಕುಟುಂಬಗಳು ಒಂದೊಂದು ಬಿಡಿಭಾಗವನ್ನು ಅರದಿಂದ ಉಜ್ಜಿ ತಯಾರಿಸಿ ಕೊಡುತ್ತಿದ್ದವು; ವ್ಯಾಪಾರಿ ಅವುಗಳನ್ನು ಕೂಡಿಸಿ ಮಾರುತ್ತಿದ್ದ. ಹಾಗಾಗಿ ಒಂದು ಗಡಿಯಾರದ ಚಕ್ರ ಇನ್ನೊಂದಕ್ಕೆ ಹಾಗೆಯೇ ಕೂರುತ್ತದೆಂಬ ಭರವಸೆ ಇರಲಿಲ್ಲ. ಅಮೆರಿಕದಲ್ಲಿ ಆ ಹೊತ್ತಿಗಾಗಲೇ ಒಂದೇ ಸೂರಿನಡಿ, ಯಂತ್ರಗಳಲ್ಲಿ, ಅದಲುಬದಲು ಮಾಡಬಹುದಾದ ಬಿಡಿಭಾಗಗಳು ತಯಾರಾಗುತ್ತಿದ್ದವು. ಆದರೆ ಕೂಲಿ ದುಬಾರಿ. ಅಮೆರಿಕದ ಯಂತ್ರವಿಧಾನವನ್ನು ಸ್ವಿಸ್ ಕೈಚಳಕ ಮತ್ತು ಅಲ್ಲಿನ ಅಗ್ಗದ ಕೂಲಿಯೊಂದಿಗೆ ಬೆಸೆದು, ಗಡಿಯಾರಗಳನ್ನು ತನ್ನ ದೇಶದಲ್ಲಿ ಮಾರಬೇಕೆಂಬುದು ಜೋನ್ಸ್‌ನ ಯೋಜನೆ.

ಫ್ರೆಂಚ್ ಮಾತಾಡುವ ಪಶ್ಚಿಮ ಭಾಗದ ಕುಶಲಕರ್ಮಿಗಳಿಗೆ ಇದು ರುಚಿಸಲಿಲ್ಲ. ಕಾರ್ಖಾನೆ ಬಂದರೆ ಮನೆಯ ಕೆಲಸ ಕೈತಪ್ಪುತ್ತದೆಂಬ ಅವರ ಭಯ ಸಹಜವೇ ಆಗಿತ್ತು. ಜೋನ್ಸ್‌ಗೆ ನೆಲೆ ಸಿಕ್ಕಿದ್ದು ಈಶಾನ್ಯದಲ್ಲಿ, ಜರ್ಮನ್ ಮಾತಾಡುವ ಶಾಫ್‌ಹೌಸೆನ್ ಪಟ್ಟಣದಲ್ಲಿ. ರಷ್ಯಾದಲ್ಲಿ ಗಡಿಯಾರ ವ್ಯಾಪಾರದಿಂದ ಶ್ರೀಮಂತನಾಗಿ ತವರಿಗೆ ಮರಳಿದ್ದ ಹೈನ್ರಿಶ್ ಮೋಸರ್ ಅಲ್ಲಿ ರೈನ್ ನದಿಗೆ ಕಟ್ಟಿಸಿದ ಅಣೆಕಟ್ಟು 1866ರಲ್ಲಿ ಪೂರ್ಣಗೊಂಡಿತ್ತು. ನೀರಿನ ಬಲವನ್ನು ಉದ್ದನೆಯ ತಂತಿಹಗ್ಗಗಳ ಮೂಲಕ ದಂಡೆಯ ಕಾರ್ಖಾನೆಗಳಿಗೆ ಮುಟ್ಟಿಸುವ ವ್ಯವಸ್ಥೆ ಅದು. ಯಂತ್ರಗಳಿಗೆ ಬೇಕಾದ ಚಾಲನಶಕ್ತಿ ಅಲ್ಲಿ ಸಿದ್ಧವಾಗಿತ್ತು. ಮೋಸರ್‌ನ ಕಟ್ಟಡದಲ್ಲೇ ಕೆಲಸ ಆರಂಭವಾಯಿತು.

ಅಲ್ಲಿ ತಯಾರಾದ ಜೇಬುಗಡಿಯಾರದ ಹಿಂಬದಿ ತೆರೆದರೆ ಮುಕ್ಕಾಲು ಭಾಗವನ್ನು ಆವರಿಸಿದ ಒಂದೇ ಲೋಹದ ಫಲಕ ಕಾಣುತ್ತದೆ. ಅದರ ಪಕ್ಕದಲ್ಲಿ, ಅತ್ತಿತ್ತ ಓಲಾಡುತ್ತ ಗಡಿಯಾರದ ವೇಗವನ್ನು ನಿಯಂತ್ರಿಸುವ ಬ್ಯಾಲೆನ್ಸ್ ಚಕ್ರ, ಆ ಚಕ್ರದ ಮೇಲಿಂದ ಬಾಣದಂತೆ ಚಾಚಿಕೊಂಡ ಉದ್ದನೆಯ ಮುಳ್ಳು. ಚಕ್ರವನ್ನು ಓಲಾಡಿಸುವ ಕೂದಲೆಳೆಯಂಥ ಸುರುಳಿ, ಅಂದರೆ ಹೇರ್‌ಸ್ಪ್ರಿಂಗ್‌ನಲ್ಲಿ ಕೆಲಸ ಮಾಡುವ ಭಾಗದ ಉದ್ದವನ್ನು ಈ ಮುಳ್ಳು ಹೆಚ್ಚುಕಡಿಮೆ ಮಾಡುತ್ತದೆ. ಉದ್ದ ಹೆಚ್ಚಿದರೆ ಗಡಿಯಾರ ನಿಧಾನ, ಕಡಿಮೆಯಾದರೆ ವೇಗ. ಮುಳ್ಳು ಉದ್ದವಿದ್ದಷ್ಟೂ ವೇಗವನ್ನು ನಾಜೂಕಾಗಿ ಹೊಂದಿಸಬಹುದು. ಈ ರಚನೆಯನ್ನು ಸಂಗ್ರಾಹಕರು ಇಂದಿಗೂ ಜೋನ್ಸ್ ಕ್ಯಾಲಿಬರ್ ಎಂದೇ ಕರೆಯುತ್ತಾರೆ. ವಸ್ತುವಿನಲ್ಲಿ ಕೊರತೆ ಇರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಕೊರತೆ ಇದ್ದದ್ದು ಬಂಡವಾಳ ಮತ್ತು ಮಾರುಕಟ್ಟೆಯಲ್ಲಿ. ಅಮೆರಿಕದ ಆಮದು ಸುಂಕ ಅಗ್ಗದ ಕೂಲಿಯ ಲಾಭವನ್ನು ಕರಗಿಸುತ್ತಿತ್ತು; 1873ರ ಆರ್ಥಿಕ ಕುಸಿತ ಕೊಳ್ಳುವವರನ್ನೂ ಕಡಿಮೆ ಮಾಡಿತು. ಅದೇ ಅವಧಿಯಲ್ಲಿ ರೈನ್ ದಂಡೆಯಲ್ಲಿ ದೊಡ್ಡ ಹೊಸ ಕಾರ್ಖಾನೆಯ ವೆಚ್ಚವೂ ಮೈಮೇಲೆ ಬಿತ್ತು. ಕಟ್ಟಡ ಏಳುವಷ್ಟರಲ್ಲಿ ಕಂಪನಿ ದಿವಾಳಿಯ ಅಂಚಿಗೆ ಬಂದಿತ್ತು. ಜೋನ್ಸ್ ಅಮೆರಿಕಕ್ಕೆ ಹಿಂದಿರುಗಿದ.

ಆ ವೇಳೆಗೆ, 1876ರ ಫಿಲಡೆಲ್ಫಿಯಾ ವಸ್ತುಪ್ರದರ್ಶನದಲ್ಲಿ, ಅಮೆರಿಕದ ವಾಲ್ಥಮ್ ಕಂಪನಿಯ ಯಂತ್ರನಿರ್ಮಿತ ಗಡಿಯಾರಗಳನ್ನು ಕಂಡ ಸ್ವಿಸ್ ಪ್ರತಿನಿಧಿಗಳು ದಿಗಿಲುಗೊಂಡರು. ಲಾಂಜೀನ್ ಕಂಪನಿಯ ಜಾಕ್ ಡೇವಿಡ್ ಅಲ್ಲಿನ ಕಾರ್ಖಾನೆಗಳನ್ನು ಅಧ್ಯಯನ ಮಾಡಿ, ಸ್ವಿಸ್ ಉದ್ಯಮ ಯಂತ್ರಗಳತ್ತ ತಿರುಗಲೇಬೇಕೆಂದು ಎಚ್ಚರಿಸುವ ವರದಿ ಬರೆದರು. ಆ ವಿಧಾನವನ್ನು ಸ್ವಿಸ್ ನೆಲಕ್ಕೇ ತಂದು ನಿಲ್ಲಿಸಲು ಜೋನ್ಸ್ ಅದಕ್ಕೂ ಎಂಟು ವರ್ಷ ಮೊದಲೇ ಮುಂದಾಗಿದ್ದನೆಂಬುದನ್ನು ಈ ಚರಿತ್ರೆ ಬರೆಯುವವರು ಒತ್ತಿ ಹೇಳಬೇಕು.

ಕಾರ್ಖಾನೆ 1880ರಲ್ಲಿ ಶಾಫ್‌ಹೌಸೆನ್‌ನ ಯಂತ್ರೋದ್ಯಮಿ ಯೊಹಾನೆಸ್ ರೌಶೆನ್‌ಬಾಕ್‌ನ ಕೈಸೇರಿತು. ಮುಂದೆ ಆತನ ಕುಟುಂಬ ಅದನ್ನು ಬೆಳೆಸಿತು. 1916ರಲ್ಲಿ ಅಮೆರಿಕದಲ್ಲಿ ಜೋನ್ಸ್ ತೀರಿಕೊಂಡಾಗ ಆತ ಇಟ್ಟ ಹೆಸರಿನಲ್ಲೇ ಆ ಕಂಪನಿ ಗಡಿಯಾರ ತಯಾರಿಸುತ್ತಿತ್ತು.