ಜಿಟಿಎಕ್ಸ್ 1660 ಸೂಪರ್‌ನಲ್ಲಿ ಹೊಸ ಡೂಮ್ ಯಾಕೆ ತೆರೆಯಲ್ಲ?

ಪ್ರಶ್ನೆ: ನನ್ನ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್ ಉಳಿದ ಗೇಮ್‌ಗಳನ್ನು ಚೆನ್ನಾಗಿಯೇ ಓಡಿಸುತ್ತದೆ. ಡೂಮ್ ದ ಡಾರ್ಕ್ ಏಜಸ್ ಮಾತ್ರ ತೆರೆಯುವುದೇ ಇಲ್ಲ. ಸೆಟ್ಟಿಂಗ್ ಇಳಿಸಿದರೆ ಆಗಲ್ವಾ? (ತೀರ್ಥಹಳ್ಳಿಯಿಂದ)

ಆಗಲ್ಲ. ಕಾರ್ಡಿಗೆ ಶಕ್ತಿ ಸಾಲದೆ ಅಲ್ಲ, ಗೇಮ್ ಕೇಳುವ ರೇ ಟ್ರೇಸಿಂಗ್ ಭಾಗವೇ (ಬೆಳಕಿನ ಕಿರಣದ ದಾರಿ ಲೆಕ್ಕ ಹಾಕುವುದು) ಅದರಲ್ಲಿಲ್ಲ.

ಹಳೆಯ ಗೇಮ್‌ಗಳಲ್ಲಿ ಗೋಡೆ ಮೇಲಿನ ಬೆಳಕು-ನೆರಳನ್ನು ಬಹುಮಟ್ಟಿಗೆ ಮೊದಲೇ ಲೆಕ್ಕ ಹಾಕಿ ಫೈಲಿಗೆ ತುಂಬಿಸಿರುತ್ತಿದ್ದರು. ರೇ ಟ್ರೇಸಿಂಗ್ ಅದರ ಮೇಲಿನ ಒಗ್ಗರಣೆ, ಬೇಡವೆಂದರೆ ಆಫ್. 2024ರ ಡಿಸೆಂಬರ್‌ನ ಇಂಡಿಯಾನಾ ಜೋನ್ಸ್ ಗೇಮ್, 2025ರ ಮೇ ತಿಂಗಳ ಈ ಡೂಮ್, ಎರಡೂ ಹಾಗಲ್ಲ. ಕಿರಣ ಎಲ್ಲಿ ತಾಗಿತೆಂದು ಆಡುವಾಗಲೇ ಹುಡುಕುತ್ತವೆ. ಆ ಸೌಲಭ್ಯ ಇದೆಯಾ ಎಂದು ಶುರುವಿನಲ್ಲೇ ಡ್ರೈವರನ್ನು (ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಕೇಳಿ, ಇಲ್ಲವೆಂದರೆ ಅಲ್ಲಿಗೇ ನಿಲ್ಲುತ್ತವೆ. 11 ಜಿಬಿ ಮೆಮೊರಿಯ ಜಿಟಿಎಕ್ಸ್ 1080 ಟಿಐ ಕಾರ್ಡ್ ಕೂಡ ಇಲ್ಲಿ ಹೊರಗೇ. ಆದರೆ ಸ್ಟಾರ್ ವಾರ್ಸ್ ಔಟ್‌ಲಾಸ್ ಗೇಮ್ ಈ ಲೆಕ್ಕವನ್ನು ಸಾಫ್ಟ್‌ವೇರ್‌ನಲ್ಲೂ ಮಾಡುವುದರಿಂದ 1660ರಲ್ಲೂ ತೆರೆಯುತ್ತದೆ.

ಡೂಮ್‌ಗೆ ಕನಿಷ್ಠ ಆರ್‌ಟಿಎಕ್ಸ್ 2060 ಸೂಪರ್ ಅಥವಾ ಆರ್‌ಎಕ್ಸ್ 6600 ಬೇಕು, ಎರಡೂ 8 ಜಿಬಿ ಮೆಮೊರಿಯವು. ನಿಮಗೆ ಎಎಂಡಿಯ ಈ 6600 ಸಲೀಸು: 132 ವ್ಯಾಟ್, ಒಂದೇ 8 ಪಿನ್ ಪವರ್ ಕೇಬಲ್. ನಿಮ್ಮದು 125 ವ್ಯಾಟ್, ಹಾಗಾಗಿ ಪವರ್ ಸಪ್ಲೈ ಸುಸ್ಥಿತಿಯಲ್ಲಿದ್ದರೆ ಬದಲಿಸಬೇಕಿಲ್ಲ. ಆರ್‌ಎಕ್ಸ್ 5700 ಎಕ್ಸ್‌ಟಿ ಅಗ್ಗಕ್ಕೆ ಸಿಕ್ಕಿತೆಂದು ತರಬೇಡಿ, ಅದರಲ್ಲೂ ಈ ಭಾಗವಿಲ್ಲ.

ಶಿವಮೊಗ್ಗದಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮಾರುವವರ ಕಂಪ್ಯೂಟರಿನಲ್ಲೇ ಓಡಿಸಿ ನೋಡಿ. ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್‌ನಲ್ಲಿ ರೇ ಟ್ರೇಸಿಂಗ್ ಎದುರು ಟಿಕ್ ಇರಬೇಕು. ಕಾರ್ಡಿಗೆ ಪೂರ್ತಿ ಕೆಲಸ ಕೊಡುವ ಫರ್‌ಮಾರ್ಕ್ 15 ನಿಮಿಷ ಓಡಿದ ಮೇಲೆ ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗ) ಮಾಮೂಲಿ ಜಿಪಿಯು ಬಿಸಿಗಿಂತ 30 ಡಿಗ್ರಿ ಮೇಲಿದ್ದರೆ ಚಿಪ್‌ನ ಬಿಸಿಯನ್ನು ಕೂಲರ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರುವ ಸಾಧ್ಯತೆ ಹೆಚ್ಚು. ಬೆಲೆ ಇಳಿಸಿ ಕೇಳಿ. ನಮ್ಮ ಕಡೆಯ ಮಳೆಗಾಲ ಕಂಡ ಕಾರ್ಡಾದರೆ ಚಿನ್ನದ ಬಣ್ಣದ ಪಿನ್‌ಗಳಲ್ಲಿ ಹಸಿರು ಕಿಲುಬು, ಕಬ್ಬಿಣದ ಪಟ್ಟಿಯಲ್ಲಿ ತುಕ್ಕು ಹುಡುಕಿ. ಪಿನ್ ಮೇಲಿನ ಕೊಳೆ ಐಸೊಪ್ರೊಪೈಲ್ ಆಲ್ಕೋಹಾಲಿಗೆ ಹೋಗುತ್ತದೆ, ಕಿಲುಬು ಬೋರ್ಡಿಗೇ ಇಳಿದಿದ್ದರೆ ಬಿಟ್ಟುಬಿಡಿ.

ಗೇಮ್ ಸುಮಾರು 100 ಜಿಬಿ, ನೆಟ್ ನೋಡಿಕೊಂಡು ಇಳಿಸಿ. ಎಎಂಡಿ ಡ್ರೈವರನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ನೆಟ್ ತೆಗೆದು, ಸೇಫ್ ಮೋಡ್‌ನಲ್ಲಿ ಡಿಡಿಯು (ಡ್ರೈವರ್ ಪೂರ್ತಿ ಅಳಿಸುವ ಪ್ರೋಗ್ರಾಂ) ಬಳಸಿ ಎನ್‌ವಿಡಿಯಾ ಡ್ರೈವರ್ ಅಳಿಸಿ, ಆಮೇಲೆ ಕಾರ್ಡ್ ಬದಲಿಸಿ. ಪರದೆ ಕಪ್ಪಾಗಿಯೇ ಇದ್ದರೆ ಗಾಬರಿ ಬೇಡ: ಹೆಚ್ಚಾಗಿ 8 ಪಿನ್ ಪೂರ್ತಿ ಕೂತಿರುವುದಿಲ್ಲ, ಇಲ್ಲವೇ ಮಾನಿಟರ್ ಕೇಬಲ್ ಮದರ್‌ಬೋರ್ಡಿನ ತೂತಿಗೆ ಹೋಗಿರುತ್ತದೆ.