ಕೊರತೆಯ ಗೆರೆ ಎಳೆದವರು ಯಾರು?

ಬಂಗಾರದ ನಾಣ್ಯ, ಟಿ.ವಿ., ಫ್ರಿಜ್, ಲ್ಯಾಪ್‌ಟಾಪ್, ಸಮ್ಮೇಳನದ ಶುಲ್ಕ. 'ಜಿಂಕೋವಿಟ್' ಎಂಬ ವಿಟಮಿನ್ ಉತ್ಪನ್ನದ ಪ್ರಚಾರಕ್ಕಾಗಿ ಅಪೆಕ್ಸ್ ಲ್ಯಾಬೊರೇಟರೀಸ್ ಕಂಪನಿ ವೈದ್ಯರಿಗೆ ಕೊಟ್ಟ ಉಡುಗೊರೆಗಳಿವು. ಪಟ್ಟಿ ಸುಪ್ರೀಂ ಕೋರ್ಟಿನ ತೀರ್ಪಿನಲ್ಲೇ ಇದೆ. ಖರ್ಚಾದದ್ದು ಸುಮಾರು 4.72 ಕೋಟಿ ರೂಪಾಯಿ. ಇದೂ ವ್ಯಾಪಾರದ ಖರ್ಚೇ, ತೆರಿಗೆಯಲ್ಲಿ ಕಳೆಯಿರಿ ಎಂದು ಕಂಪನಿ ಕೋರ್ಟಿನ ಮೆಟ್ಟಿಲೇರಿತ್ತು. 2022ರ ಫೆಬ್ರುವರಿಯಲ್ಲಿ ನ್ಯಾಯಮೂರ್ತಿಗಳಾದ ಯು.ಯು. ಲಲಿತ್ ಮತ್ತು ಎಸ್. ರವೀಂದ್ರ ಭಟ್ ಆ ವಾದವನ್ನು ತಳ್ಳಿಹಾಕಿದರು. ಇಂಥ ಉಡುಗೊರೆಗಳ ಭಾರ ಕೊನೆಗೆ ಔಷಧದ ಬೆಲೆಯಾಗಿ ರೋಗಿಯ ಮೇಲೆಯೇ ಬೀಳುತ್ತದೆ ಎಂಬುದನ್ನೂ ತೀರ್ಪು ಗುರುತಿಸಿತು.

ವಿಟಮಿನ್ ಬಗ್ಗೆ ವಾದಕ್ಕೆ ಕೂತಾಗ ಒಂದು ಮಾತು ತಪ್ಪದೇ ಬರುತ್ತದೆ: "ವಿಟಮಿನ್‌ಗೆ ಪೇಟೆಂಟ್ ಇಲ್ಲ, ಅದರಾಗ ಲಾಭ ಇಲ್ಲ, ಅದಕ್ಕ ದೊಡ್ಡ ಔಷಧ ಕಂಪನಿಗಳು ಅದನ್ನ ತುಳೀತಾವ." ಕೇಳಲು ಸರಿ ಎನಿಸುತ್ತದೆ. ಆದರೆ ಇತಿಹಾಸ ಬೇರೆಯೇ ಇದೆ. 1930ರ ದಶಕದಿಂದಲೇ ಕೃತಕ ವಿಟಮಿನ್ ಸಿ ತಯಾರಿಸಿ ಮಾರಿದ್ದು ಸ್ವಿಟ್ಜರ್ಲೆಂಡಿನ ಔಷಧ ದೈತ್ಯ ರೋಶ್. 1990ರ ದಶಕದಲ್ಲಿ ಅದು ಬಿಎಎಸ್ಎಫ್ ಮೊದಲಾದ ಕಂಪನಿಗಳ ಜೊತೆ ಒಳಒಪ್ಪಂದ ಮಾಡಿಕೊಂಡು ಜಗತ್ತಿನಾದ್ಯಂತ ವಿಟಮಿನ್ ಬೆಲೆಯನ್ನು ಏರಿಸಿಟ್ಟಿತ್ತು. 1999ರಲ್ಲಿ ಅಮೆರಿಕದಲ್ಲಿ ರೋಶ್ ತಪ್ಪೊಪ್ಪಿಕೊಂಡು ತೆತ್ತ ದಂಡ 50 ಕೋಟಿ ಡಾಲರ್. ಔಷಧದವರು ಒಂದು ಕಡೆ, ವಿಟಮಿನ್‌ನವರು ಇನ್ನೊಂದು ಕಡೆ ಎಂಬ ಹಂಚಿಕೆಯೇ ತಪ್ಪು. ಎರಡೂ ಕಡೆ ದುಡ್ಡಿದೆ, ಎಷ್ಟೋ ಸಲ ಒಂದೇ ಕೈಯಲ್ಲಿದೆ.

ಆ ದುಡ್ಡು ವಿಜ್ಞಾನವನ್ನು ಎಲ್ಲಿ ಮುಟ್ಟುತ್ತದೆ? ಸುಳ್ಳು ಅಂಕಿ ಬರೆಸುವುದು ಅಪರೂಪ. ಎಷ್ಟಕ್ಕಿಂತ ಕಡಿಮೆಯಾದರೆ 'ಕೊರತೆ' ಎಂಬ ಗೆರೆ ಎಳೆಯುವಲ್ಲಿ ನಾವು ಕಣ್ಣಿಡಬೇಕು.

ಸಿಂದಗಿ ಕಡೆಯ ನಮ್ಮ ಸಂಬಂಧಿಕರೊಬ್ಬರು ಸೊಂಟನೋವೆಂದು ವಿಜಯಪುರಕ್ಕೆ ತೋರಿಸಲು ಬಂದಿದ್ದರು. ಹಿಂಗಾರಿ ಜೋಳ ಕಿತ್ತು, ಕಡಲೆ ಕಿತ್ತು, ಬಿಸಿಲಲ್ಲೇ ಆಯುಷ್ಯ ಕಳೆದ ಹೆಂಗಸು. ಕೈಯಲ್ಲಿದ್ದ ರಿಪೋರ್ಟಿನಲ್ಲಿ ವಿಟಮಿನ್ ಡಿ ಎದುರು ದಪ್ಪಕ್ಷರದಲ್ಲಿ 24, ಪಕ್ಕಕ್ಕೆ ಕೆಳಮುಖದ ಬಾಣ, ಅದರಾಚೆ ಸಣ್ಣಕ್ಷರದಲ್ಲಿ 'ಸಹಜ: 30ರಿಂದ 100'. "ಡಿ ಕಮ್ಮಿ ಬಂದೈತಂತ, ವಾರಕ್ಕೊಂದು ಪುಡಿ ಕೊಟ್ಟಾರ" ಎಂದು 60,000 ಯುನಿಟ್ಟಿನ ಪೊಟ್ಟಣ ತೋರಿಸಿದರು.

ಆ 30 ಎಲ್ಲಿಂದ ಬಂತು? 2010ರಲ್ಲಿ ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ ಲಭ್ಯ ಪುರಾವೆಗಳನ್ನೆಲ್ಲ ತೂಗಿ, ರಕ್ತದಲ್ಲಿ ಮಿಲಿಲೀಟರಿಗೆ 20 ನ್ಯಾನೊಗ್ರಾಂ ಡಿ ಇದ್ದರೆ ಹೆಚ್ಚುಕಡಿಮೆ ಎಲ್ಲರ ಎಲುಬಿಗೂ ಸಾಕು ಎಂದಿತು. ಮರುವರ್ಷವೇ ಹಾರ್ಮೋನ್ ತಜ್ಞರ ಸಂಘವಾದ ಎಂಡೊಕ್ರೈನ್ ಸೊಸೈಟಿಯ ಮಾರ್ಗಸೂಚಿ 30ಕ್ಕಿಂತ ಕೆಳಗಿನದ್ದೆಲ್ಲ ಸಾಲದು ಎಂದಿತು. ಗೆರೆ ಹತ್ತು ಅಂಕ ಮೇಲೇರಿದ್ದೇ ತಡ, ನಿನ್ನೆಯವರೆಗೆ ನೆಟ್ಟಗಿದ್ದ ಕೋಟ್ಯಂತರ ಜನ ಕೊರತೆಯವರಾದರು. ಆ ಮಾರ್ಗಸೂಚಿ ಬರೆದ ತಂಡದ ಮುಖ್ಯಸ್ಥರು ಬಾಸ್ಟನ್ ವಿಶ್ವವಿದ್ಯಾಲಯದ ಮೈಕೆಲ್ ಹಾಲಿಕ್. 2013ರಿಂದ 2017ರ ನಡುವೆ ಅವರಿಗೆ ಔಷಧ ಹಾಗೂ ತಪಾಸಣಾ ಕಂಪನಿಗಳಿಂದ ಸುಮಾರು 1,63,000 ಡಾಲರ್ ಸಂದಿತ್ತು ಎಂದು 2018ರಲ್ಲಿ ಪತ್ರಿಕಾ ತನಿಖೆಯೊಂದು ಸರ್ಕಾರಿ ದಾಖಲೆಗಳಿಂದಲೇ ತೋರಿಸಿತು. ಆ ಹಣ ತಮ್ಮ ಅಭಿಪ್ರಾಯವನ್ನು ಬದಲಿಸಿಲ್ಲ ಎಂದರು ಹಾಲಿಕ್. ಇರಬಹುದು; ಅವರು ತಮ್ಮ ಮಾತನ್ನು ಮನಸಾರೆ ನಂಬಿದವರೇ. ಆದರೆ ಪಂಚಾಯ್ತಿ ಕಟ್ಟೆಯ ಮೇಲೆ ಕೂತವರು ಒಂದು ಕಡೆಯವರ ಮನೆಯಲ್ಲಿ ಉಂಡು ಬಂದಿದ್ದರೆ, ಅವರು ಎಷ್ಟೇ ಪ್ರಾಮಾಣಿಕರಾಗಿರಲಿ, ನ್ಯಾಯ ಹೇಳಲು ಬೇರೆಯವರನ್ನು ಕರೆಯುವುದು ನಮ್ಮ ಊರುಗಳ ರೂಢಿ. 2024ರಲ್ಲಿ ಅದೇ ಸೊಸೈಟಿ 30ರ ಗುರಿಯನ್ನು ಕೈಬಿಟ್ಟಿತು, ಆರೋಗ್ಯವಂತರಿಗೆ ಸುಮ್ಮಸುಮ್ಮನೆ ಡಿ ಪರೀಕ್ಷೆ ಬೇಡ ಎಂದೂ ಹೇಳಿತು. ನಮ್ಮ ಎಷ್ಟೋ ರಿಪೋರ್ಟುಗಳಲ್ಲಿ ಮಾತ್ರ ಆ 30 ಇನ್ನೂ ಕೂತಿದೆ.

ಇದರರ್ಥ ಡಿ ಕೊರತೆ ಸುಳ್ಳು ಎಂದಲ್ಲ. ತೀರಾ ಕಡಿಮೆಯಾದರೆ ಮಕ್ಕಳ ಕಾಲು ಬಾಗುತ್ತವೆ, ದೊಡ್ಡವರ ಎಲುಬು ಮೆತ್ತಗಾಗುತ್ತದೆ. ಅಂಥವರಿಗೆ ಗುಳಿಗೆ ಬೇಕೇ ಬೇಕು.

ಕಂಪನಿಯ ನೆರಳು ಬಿದ್ದ ಮಾತ್ರಕ್ಕೆ ಸಂಶೋಧನೆ ಕೆಡುವುದೂ ಇಲ್ಲ. ಡಿ ಗುಳಿಗೆ ಕ್ಯಾನ್ಸರ್, ಹೃದ್ರೋಗಗಳನ್ನು ತಡೆಯುತ್ತದೆಯೇ ಎಂದು ಅಮೆರಿಕದಲ್ಲಿ ನಡೆದ 'ವೈಟಲ್' ಅಧ್ಯಯನ ನೋಡಿ. 25,871 ಜನ, ಅರ್ಧದಷ್ಟು ಮಂದಿಗೆ ದಿನಕ್ಕೆ 2,000 ಯುನಿಟ್ ಡಿ, ಉಳಿದವರಿಗೆ ಹುಸಿ ಗುಳಿಗೆ. ಡಿ ಗುಳಿಗೆಗಳನ್ನು ಪುಕ್ಕಟೆ ಕೊಟ್ಟದ್ದು ವಿಟಮಿನ್ ತಯಾರಿಸುವ ಕಂಪನಿಯೇ. ಆದರೆ ಮುಖ್ಯ ಹಣ ಅಮೆರಿಕ ಸರ್ಕಾರದ್ದು, ಲೆಕ್ಕ ಹಾಕಿದವರು ಜೋಆನ್ ಮ್ಯಾನ್ಸನ್ ಮತ್ತು ಅವರ ವಿಜ್ಞಾನಿಗಳ ತಂಡ. ಹೊಸದಾಗಿ ಕ್ಯಾನ್ಸರ್ ಬರುವುದಾಗಲಿ, ಹೃದಯಾಘಾತ, ಪಾರ್ಶ್ವವಾಯುಗಳಾಗಲಿ ಕಡಿಮೆಯಾಗಲಿಲ್ಲ ಎಂದು 2018ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಬಹುತೇಕರಿಗೆ ಮೊದಲೇ ಕೊರತೆ ಇರಲಿಲ್ಲ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಅಂದರೆ ಕೊರತೆ ಇಲ್ಲದವರು ರೋಗ ತಡೆಯಲೆಂದು ನುಂಗುವ ಗುಳಿಗೆಗೆ ಈ ಉತ್ತರ ನೇರವಾಗಿ ಅನ್ವಯಿಸುತ್ತದೆ.

ನನ್ನನ್ನು ಇದೆಲ್ಲಕ್ಕಿಂತ ಹೆಚ್ಚು ಕಾಡುವುದು ದುಡ್ಡು ಇಲ್ಲದ ಕಡೆಯ ಮೌನ. ಫೋಲಿಕ್ ಆಸಿಡ್ ಕೂಡ ವಿಟಮಿನ್ನೇ, ಬಿ ಗುಂಪಿನದು. ಬೆನ್ನುಹುರಿಯ ದೋಷವಿರುವ ಮಗುವನ್ನು ಹಿಂದೆ ಹೆತ್ತಿದ್ದ ತಾಯಂದಿರು ಮುಂದಿನ ಬಸಿರಿಗೆ ಮೊದಲೇ ಇದನ್ನು ತೆಗೆದುಕೊಂಡರೆ ಆ ದೋಷ ಮರುಕಳಿಸುವುದು ಶೇಕಡಾ 72ರಷ್ಟು ತಗ್ಗುತ್ತದೆ ಎಂದು ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ 1991ರಲ್ಲೇ ತೋರಿಸಿತು. ರೋಗ ತಡೆಯುವ ವಿಟಮಿನ್ ಎಂದು ಎದೆ ತಟ್ಟಿ ಹೇಳಬಹುದಾದದ್ದು ಇದು. ಬೆಲೆ ತೀರಾ ಅಗ್ಗ, ಮಾರಿ ಶ್ರೀಮಂತರಾಗುವವರು ಯಾರೂ ಇಲ್ಲ. ಹಾಗಾಗಿ ಹೆದ್ದಾರಿಯ ಫಲಕಗಳಲ್ಲಿ ಇದರ ಹೆಸರಿಲ್ಲ.

ಮುಂದೆ ಮೆದುಳು, ಬೆನ್ನುಹುರಿಯಾಗುವ ಭ್ರೂಣದ ನರನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತ 28 ದಿನಗಳೊಳಗೆ. ನಮ್ಮ ಹಳ್ಳಿಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಎರಡು ತಿಂಗಳು ಮುಟ್ಟು ನಿಂತ ಮೇಲೆ ಅಂಗನವಾಡಿಯಲ್ಲಿ ಹೆಸರು ಬರೆಸುತ್ತಾರೆ, ಗುಳಿಗೆ ಆಗ ಕೈಗೆ ಬರುತ್ತದೆ. ಇಂಡಿ, ಸಿಂದಗಿ, ಬಸವನ ಬಾಗೇವಾಡಿ ಕಡೆ ಮದುವೆಯಾಗಿ ಬಂದ ಹುಡುಗಿಯ ಮನೆಗೆ ಆಶಾ ಕಾರ್ಯಕರ್ತೆ ಮೊದಲ ಸಲ ಕಾಲಿಟ್ಟಾಗಲೇ ಈ ಗುಳಿಗೆ ಆಕೆಯ ಚೀಲದಲ್ಲಿರಬೇಕು, ಬಸಿರಿಗೆ ಮೊದಲೇ ಯಾಕೆ ನುಂಗಬೇಕೆಂದು ಅತ್ತೆ, ಗಂಡ ಇಬ್ಬರನ್ನೂ ಕೂರಿಸಿ ಹೇಳಬೇಕು.