ಕಂಪ್ಲೇಂಟ್ ಕೊಟ್ಟವನು ನಾನೇ, ವಾಪಸ್ ತಗೊಳ್ಳೋಕೆ ಆಗಲ್ವಾ?

ಪ್ರಶ್ನೆ: ಮುಂಬೈನ ಅಂಧೇರಿಯಲ್ಲಿ ನನ್ನದೊಂದು ಸಣ್ಣ ಹೋಟೆಲ್ ಇದೆ. ಕೆಲಸದ ಹುಡುಗನೊಬ್ಬ ಗಲ್ಲಾದಿಂದ 18 ಸಾವಿರ ರೂಪಾಯಿ ತೆಗೆದುಕೊಂಡು ಓಡಿಹೋದ. ಸಿಟ್ಟಿನಲ್ಲಿ ಕಂಪ್ಲೇಂಟ್ ಕೊಟ್ಟೆ. ಈಗ ಸಿಕ್ಕಿಬಿದ್ದು ಒಳಗಿದ್ದಾನೆ. ಅವನ ತಾಯಿ ಕುಂದಾಪುರದಿಂದ ಬಂದು, ಹಣ ಕೊಟ್ಟು, ಅತ್ತರು. ಕೇಸು ಬೇಡ ಅಂದರೆ ಸ್ಟೇಷನ್ನಿನಲ್ಲಿ "ಇನ್ನು ನಮ್ಮ ಕೈಲಿಲ್ಲ, ಕೋರ್ಟಲ್ಲಿ ಹೇಳಿ" ಅಂತಾರೆ. ದೂರು ನನ್ನದೇ ಅಲ್ವಾ?

ಉತ್ತರ: ದೂರು ನಿಮ್ಮದೇ, ಆದರೆ ಕೇಸು ಸರ್ಕಾರದ್ದು. ಸ್ಟೇಷನ್ನಿನವರು ಸರಿಯಾಗೇ ಹೇಳಿದ್ದಾರೆ. ಮುಂದೆ ಕೋರ್ಟಿನ ಬೋರ್ಡಿನಲ್ಲಿ ನಿಮ್ಮ ಹೆಸರು ಹುಡುಕಿದರೆ ಸಿಗುವುದಿಲ್ಲ. ಅಲ್ಲಿ ಮಹಾರಾಷ್ಟ್ರ ಸರ್ಕಾರ ಒಂದು ಕಡೆ, ಹುಡುಗ ಇನ್ನೊಂದು ಕಡೆ. ವಾದ ಮಾಡುವುದು ಸರ್ಕಾರಿ ವಕೀಲರು. ನೀವು ಫಿರ್ಯಾದಿ, ಅಂದರೆ ಬಹುತೇಕ ಮೊದಲ ಸಾಕ್ಷಿ, ಅಷ್ಟೇ.

ಹಾಗಂತ ದಾರಿ ಇಲ್ಲ ಅಂತಲ್ಲ. ಎಫ್‌ಐಆರ್ ಪ್ರತಿ ಹೊರಗೆ ತೆಗೆಯಿರಿ. ಅದನ್ನು ನಿಮಗೆ ಪುಕ್ಕಟೆ ಕೊಡಲೇಬೇಕು. ಮರಾಠಿಯಲ್ಲಿದ್ದರೂ 'ಕಲಂ' ಅನ್ನುವ ಪದ ಹುಡುಕಿ, ನಮ್ಮಲ್ಲೂ ಅದೇ ಪದ ತಾನೆ. ಪಕ್ಕದಲ್ಲಿ ಯಾವ ಸಂಖ್ಯೆ ಇದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. 2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರಲ್ಲಿ ಮಾಮೂಲಿ ಕಳ್ಳತನ 303, ಕೆಲಸದವನು ಮಾಲೀಕನದ್ದೇ ಕದ್ದರೆ 306. ನಿಮ್ಮದು 306 ಇರಬೇಕು. 7 ವರ್ಷದವರೆಗೆ ಶಿಕ್ಷೆ ಇದೆ, ಜಾಮೀನು ಕೊಡುವುದು ಬಿಡುವುದು ಕೋರ್ಟಿಗೆ ಬಿಟ್ಟಿದ್ದು.

ಇನ್ನೊಂದು ಮಾತು ಈಗಲೇ ಕೇಳಿಬಿಡುತ್ತೇನೆ. ಹುಡುಗನಿಗೆ 18 ತುಂಬಿದೆ ತಾನೆ? ಇಲ್ಲದಿದ್ದರೆ ಈ ಕೋರ್ಟೇ ಅಲ್ಲ, ಬಾಲ ನ್ಯಾಯ ಮಂಡಳಿಗೆ ಹೋಗಬೇಕು. 14 ಕೂಡ ತುಂಬಿಲ್ಲ ಅಂದರೆ, ಅವನನ್ನು ಕೆಲಸಕ್ಕೆ ಇಟ್ಟುಕೊಂಡ ನಿಮ್ಮ ಮೇಲೇ ಕೇಸು ಬೀಳಬಹುದು!

ತುಂಬಿದೆ ಅಂತಲೇ ಇಟ್ಟುಕೊಳ್ಳೋಣ. ಪೊಲೀಸರು ಪಂಚನಾಮೆ ಮಾಡುತ್ತಾರೆ, ಗಲ್ಲಾದ ಮೇಲಿನ ಸಿಸಿಟಿವಿ ನೋಡುತ್ತಾರೆ, ಉಳಿದ ಹುಡುಗರ ಜಬಾಬ್, ಅಂದರೆ ಹೇಳಿಕೆ, ಬರೆದುಕೊಳ್ಳುತ್ತಾರೆ. ಹುಡುಗ ಒಳಗೇ ಇದ್ದು 60 ದಿನದಲ್ಲಿ ಚಾರ್ಜ್‌ಶೀಟ್ ಬರದಿದ್ದರೆ, ಜಾಮೀನು ಕೇಳುವುದು ಅವನ ಹಕ್ಕಾಗುತ್ತದೆ. ಅಷ್ಟು ದಿನ ಕಾಯಬೇಕಿಲ್ಲ. ಅವನ ವಕೀಲರು ಜಾಮೀನು ಅರ್ಜಿ ಹಾಕಿದಾಗ "ನನ್ನ ಆಕ್ಷೇಪ ಇಲ್ಲ, ಹಣ ಬಂದಿದೆ" ಎಂದು ನೀವು ಅಫಿಡವಿಟ್ ಕೊಡಿ. ಮ್ಯಾಜಿಸ್ಟ್ರೇಟರು ಅದಕ್ಕೆ ಕಟ್ಟುಬೀಳಬೇಕಿಲ್ಲ, ಆದರೆ ತೂಕ ಇದ್ದೇ ಇದೆ. ತಾಯಿ ಸದ್ಯಕ್ಕೆ ಕೇಳುತ್ತಿರುವುದೂ ಇದನ್ನೇ ಅಲ್ವಾ, ಮಗ ಹೊರಗೆ ಬರಲಿ ಅಂತ.

ಕೇಸು ಮುಗಿಸಲು ಬೇಕಾದ್ದು ರಾಜಿ. ಹಳೆಯ ಸಿಆರ್‌ಪಿಸಿ ಬದಲು ಬಂದಿರುವ, ಕೇಸು ನಡೆಸುವ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಮಿನಲ್ಲಿ ಎರಡು ಪಟ್ಟಿಗಳಿವೆ. ಮೊದಲನೆಯದರಲ್ಲಿರುವ ಅಪರಾಧಗಳಿಗೆ ನೊಂದವರು ಒಪ್ಪಿದರೆ ಸಾಕು. ಎರಡನೆಯದಕ್ಕೆ ಕೋರ್ಟಿನ ಅನುಮತಿಯೂ ಬೇಕು. 306 ಇರುವುದು ಎರಡನೆಯದರಲ್ಲಿ. ಸಾಮಾನ್ಯವಾಗಿ ಚಾರ್ಜ್‌ಶೀಟ್ ಬಂದ ಮೇಲೆ ಇಬ್ಬರೂ ಸೇರಿ ಅರ್ಜಿ ಕೊಡುತ್ತಾರೆ. ಕೋರ್ಟು ನಿಮ್ಮನ್ನೇ ಕರೆದು ಕೇಳುತ್ತದೆ: ಯಾರಾದರೂ ಹೆದರಿಸಿದರಾ, ಮನಸಾರೆ ಒಪ್ಪಿದ್ದೀರಾ? ಒಪ್ಪಿಗೆಯಾದರೆ ಹುಡುಗ ಖುಲಾಸೆ. ಶಿಕ್ಷೆಯ ಕಲೆ ಉಳಿಯುವುದಿಲ್ಲ.

ಕೊಲೆ, ದರೋಡೆಗೆಲ್ಲ ಈ ಪಟ್ಟಿಯಲ್ಲಿ ಜಾಗವೇ ಇಲ್ಲ. ಪಟ್ಟಿಯ ಹೊರಗಿನ ಕೆಲವು ಕೇಸುಗಳನ್ನು ಹೈಕೋರ್ಟ್ ರದ್ದು ಮಾಡಬಹುದು. ಅದಕ್ಕೆ ಹೈಕೋರ್ಟ್ ಇರುವ ಫೋರ್ಟ್ ಪ್ರದೇಶಕ್ಕೆ ಹೋಗಬೇಕು, ವಕೀಲರ ಫೀಸೂ ಜಾಸ್ತಿ. ನಿಮಗೆ ಅದರ ಅಗತ್ಯ ಕಾಣಿಸುತ್ತಿಲ್ಲ.

ಈಗ ಗಲ್ಲಾ ಪಕ್ಕ ಚಹಾ ಕುಡಿಯುತ್ತಾ ನಿಲ್ಲುವವರ ಸಲಹೆಗೆ ಬರೋಣ. "ಸಾಕ್ಷಿಕಟ್ಟೆಯಲ್ಲಿ ಉಲ್ಟಾ ಹೊಡೆದುಬಿಡಿ ಅಣ್ಣ, ಏನೂ ಆಗಲ್ಲ." ದಯವಿಟ್ಟು ಬೇಡ. ಕೋರ್ಟಿನಲ್ಲಿ ಸುಳ್ಳು ಸಾಕ್ಷಿ ಹೇಳಿದರೆ 7 ವರ್ಷದವರೆಗೆ ಶಿಕ್ಷೆ. ಕದ್ದ ಹುಡುಗನಿಗಿರುವಷ್ಟೇ! "ಸುಳ್ಳು ದೂರು ಕೊಟ್ಟಿದ್ದೆ ಅಂತ ಪೊಲೀಸರಿಗೇ ಬರೆದುಕೊಡಿ" ಅನ್ನುವವರೂ ಇದ್ದಾರೆ. ಮಹಾರಾಷ್ಟ್ರದಲ್ಲಿ ಪೊಲೀಸರು ಕೇಸು ಮುಚ್ಚುವಾಗ ಎ, ಬಿ, ಸಿ ಅಂತ ಮೂರು ಬಗೆಯ ಸಮರಿ, ಅಂದರೆ ಮುಕ್ತಾಯದ ವರದಿ, ಕೊಡುತ್ತಾರೆ. ಕಳ್ಳತನ ನಿಜ, ಕಳ್ಳ ಸಿಗಲಿಲ್ಲ ಅಂದರೆ ಎ. ಬೇಕಂತಲೇ ಸುಳ್ಳು ದೂರು ಅಂದರೆ ಬಿ. ತಪ್ಪು ತಿಳಿವಳಿಕೆ, ಇಲ್ಲವೇ ಅದು ಸಿವಿಲ್ ವ್ಯವಹಾರ ಅಂದರೆ ಸಿ. ಬಿ ಸಮರಿ ಆದರೆ ಪೊಲೀಸರು ತಿರುಗಿ ನಿಮ್ಮ ಕಡೆಗೇ ಬರಬಹುದು. ನಡೆದದ್ದು ನಿಜ, ಈಗ ಕ್ಷಮಿಸಿದ್ದೇನೆ ಅಂತ ಹೇಳಿ. ರಾಜಿಗೆ ಅಷ್ಟು ಸಾಕು.

ತಾಯಿ ಕೊಟ್ಟ ಹಣಕ್ಕೆ ರಸೀದಿ ಬರೆದು ಇಬ್ಬರೂ ಸಹಿ ಹಾಕಿ. ಹುಡುಗನಿಂದ ಪೊಲೀಸರು ಜಪ್ತಿ ಮಾಡಿದ ಹಣವಿದ್ದರೆ ಅದು ಮುದ್ದೆಮಾಲು, ಅಂದರೆ ಕೇಸಿನ ವಸ್ತು, ಕೋರ್ಟಿನ ಆದೇಶವಿಲ್ಲದೆ ಯಾರ ಕೈಗೂ ಬರುವುದಿಲ್ಲ. ವಕೀಲರಿಗೆ ಕೊಡಲು ಆ ತಾಯಿಯ ಬಳಿ ದುಡ್ಡಿಲ್ಲದಿದ್ದರೆ 15100ಕ್ಕೆ ಫೋನ್ ಮಾಡಲಿ, ಉಚಿತ ಕಾನೂನು ನೆರವಿನ ಸಂಖ್ಯೆ ಅದು. ಕೇಸು ಕೋರ್ಟಿನಲ್ಲಿ ದಾಖಲಾದ ಮೇಲೆ ಅದನ್ನು ಗುರುತಿಸುವ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಸಿಗುತ್ತದೆ. ಅದನ್ನು ಇ-ಕೋರ್ಟ್ಸ್ ಆ್ಯಪ್‌ನಲ್ಲಿ ಹಾಕಿದರೆ ಮುಂದಿನ ತಾರೀಖು ಗೊತ್ತಾಗುತ್ತದೆ. ಆ ದಿನ ಗಲ್ಲಾದಲ್ಲಿ ಬೇರೆಯವರನ್ನು ಕೂರಿಸಿ, ನೀವೇ ಹೋಗಿ.